ನಿರ್ವಹಣೆಯ ಹೊಣೆ

ಬಸದಿಯನ್ನು ಕಟ್ಟಿಸಿದವರ ಹೆಸರು ಶಿಲೆಯ ಮೇಲೆ ಉಳಿಯುತ್ತದೆ. ಸೋರುವ ಛಾವಣಿಯನ್ನು ವರ್ಷವರ್ಷವೂ ಸರಿಪಡಿಸಿದವರ ಹೆಸರನ್ನು ಕಾಣಬೇಕಾದರೆ ಟ್ರಸ್ಟಿನ ಹಳೆಯ ಕಿರ್ದಿಯನ್ನೇ ತೆರೆಯಬೇಕು. ಮೊಬೈಲ್ ಫೋನಿನಲ್ಲಿ ಹಾಡು ಕೇಳಿಸುವ ಒಂದು ಸಣ್ಣ ಆ್ಯಪಿನ ವಿಷಯವನ್ನು ಬರೆಯಲು ಹೊರಟು ಬಸದಿಯ ಮಾತೆತ್ತಿದುದಕ್ಕೆ ಓದುಗ ಬಂಧುಗಳು ಅನ್ಯಥಾ ಭಾವಿಸಬಾರದು.

ಹುಬ್ಬಳ್ಳಿಯಲ್ಲಿ ಬಟ್ಟೆಯ ವ್ಯಾಪಾರ ಮಾಡಿಕೊಂಡಿರುವ ನನ್ನ ಮಗನು 2014ರಲ್ಲಿ ತನ್ನ ಸಹಪಾಠಿಯೊಡನೆ ಸೇರಿ ಆಂಡ್ರಾಯ್ಡ್ ಫೋನುಗಳಿಗಾಗಿ ಈ ಆ್ಯಪನ್ನು ಸಿದ್ಧಪಡಿಸಿದನು. ಫೋನಿನಲ್ಲಿ ಈಗಾಗಲೇ ಇರುವ ಎಂಪಿ3 ಕಡತಗಳನ್ನು ನುಡಿಸುವುದಷ್ಟೇ ಅದರ ಕೆಲಸ. ಜಮಾಖರ್ಚನ್ನು ಬರೆಯುವ ಭಾರ ವಾಣಿಜ್ಯ ಪದವೀಧರನಾದ ನನ್ನ ಪಾಲಿಗೆ ಬಂದುದರಿಂದ ಅದರ ಒಳಹೊರಗನ್ನು ಬಹುಕಾಲ ನೋಡುವ ಅವಕಾಶ ಒದಗಿತು.

ಕಟ್ಟುವುದು ನಾಲ್ಕು ತಿಂಗಳಲ್ಲಿ ಮುಗಿಯಿತು. ಪರದೆ ಆರಿದ ಮೇಲೂ ಹಾಡು ನಿಲ್ಲಬಾರದು, ಕರೆ ಬಂದರೆ ನಿಲ್ಲಬೇಕು, ಕಿವಿಯ ತಂತಿಯನ್ನು ಕಿತ್ತೊಡನೆ ಬಸ್ಸಿನಲ್ಲಿರುವವರಿಗೆಲ್ಲ ಕೇಳುವಂತೆ ಮೊಳಗಬಾರದು. ಇಂಥ ಸೂಕ್ಷ್ಮಗಳನ್ನೆಲ್ಲ ಹುಡುಗರು ಶ್ರದ್ಧೆಯಿಂದ ಮಾಡಿದ್ದರು. ಆದರೆ ಕಾಲ ಸರಿದಂತೆ ಕೆಳಗಿನ ನೆಲವೇ ಸರಿಯತೊಡಗಿತು. 2017ರ ಆಂಡ್ರಾಯ್ಡ್ 8 ಹಿನ್ನೆಲೆಯಲ್ಲಿ ನಡೆಯುವ ಕೆಲಸಗಳಿಗೆ ಮಿತಿ ಹಾಕಿತು. ಬ್ಯಾಟರಿ ಉಳಿಸುವುದಕ್ಕೆಂದು ಕೆಲವು ತಯಾರಕರು ತಮ್ಮ ಫೋನುಗಳಲ್ಲಿ ಅದಕ್ಕಿಂತಲೂ ಬಿಗಿ ಮಾಡಿದರು. ಹಾಡು ಅರ್ಧಕ್ಕೆ ನಿಂತರೆ ಬೈಗುಳ ಮಾತ್ರ ನಮಗೆ. 2019ರ ಆಂಡ್ರಾಯ್ಡ್ 10ರಿಂದ ಕಡತಗಳನ್ನು ಓದುವ ಕ್ರಮ ಬದಲಾಯಿತು. 2022ರ ಆಂಡ್ರಾಯ್ಡ್ 13ರಲ್ಲಿ ಧ್ವನಿ ಕಡತಗಳಿಗೆಂದೇ ಪ್ರತ್ಯೇಕ ಅನುಮತಿ ಬಂದಿತು. ನಾನು 1990ರಲ್ಲಿ ಮಾರಿದ ಧೋತರವನ್ನು ಮಗ್ಗ ಬದಲಾಯಿತೆಂದು ಯಾವ ಗಿರಾಕಿಯೂ ಮರಳಿ ತಂದಿಲ್ಲ!

ಬಂಡವಾಳ ವೆಚ್ಚ ಬೇರೆ, ರಾಜಸ್ವ ವೆಚ್ಚ ಬೇರೆ ಎಂದು ಬಿ.ಕಾಂ. ತರಗತಿಯಲ್ಲಿ ಕಲಿತಿದ್ದೆವು. ಯಂತ್ರಕ್ಕೆ ಸವಕಳಿ ಬರುವುದು ಅದು ತೇಯುವುದರಿಂದ. ಈ ಆ್ಯಪಿನಲ್ಲಿ ತೇಯುವ ಭಾಗವೊಂದೂ ಇಲ್ಲ. ಒಂದಕ್ಷರವೂ ಬದಲಾಗದೆ ಇದ್ದಲ್ಲಿಯೇ ಅದು ಹಳತಾಗುತ್ತದೆ. ಗೂಗಲ್ ಪ್ಲೇಯ ನಿಯಮದಂತೆ 2018ರಿಂದ ಆ್ಯಪುಗಳನ್ನು ಆಂಡ್ರಾಯ್ಡಿನ ಇತ್ತೀಚಿನ ಆವೃತ್ತಿಗಳಿಗೆ ಹೊಂದಿಸುತ್ತಲೇ ಇರಬೇಕು. ಆದುದರಿಂದ ಅದರ ಮುಖ್ಯ ಖರ್ಚನ್ನು ನಾನು ನಿರ್ವಹಣೆಯ ಖಾತೆಗೇ ಬರೆಯುತ್ತ ಬಂದೆ.

ಶ್ರಾವಕರ ಅಚೌರ್ಯಾಣುವ್ರತದ ವಿಚಾರದಲ್ಲಿ ‘ಅದತ್ತಾದಾನ’ ಎಂಬ ಮಾತು ಬರುತ್ತದೆ. ಕೊಡದಿರುವುದನ್ನು ತೆಗೆದುಕೊಳ್ಳುವುದೆಂದು ಅದರ ಅರ್ಥ. 2015ರ ಆಂಡ್ರಾಯ್ಡ್ 6 ಬರುವವರೆಗೆ ಆ್ಯಪನ್ನು ಹಾಕಿಕೊಳ್ಳುವಾಗಲೇ ಎಲ್ಲ ಅನುಮತಿಗಳನ್ನೂ ಒಟ್ಟಿಗೆ ಕೊಡಬೇಕಾಗಿತ್ತು. ಓದದೆ ಒತ್ತಿದ ಒಪ್ಪಿಗೆಯನ್ನು ‘ಕೊಟ್ಟದ್ದು’ ಎನ್ನಬಹುದೇ? ಕರೆ ಬಂದುದನ್ನು ತಿಳಿಯಲೆಂದು ಫೋನಿನ ಸ್ಥಿತಿಯನ್ನು ಓದುವ ಅನುಮತಿಯನ್ನು ಕೇಳುವ ರೂಢಿ ಹಾಡಿನ ಆ್ಯಪುಗಳಲ್ಲಿತ್ತು. ಧ್ವನಿಯ ಸರದಿ ಬೇರೊಬ್ಬರಿಗೆ ಹೋದುದನ್ನು ಆಂಡ್ರಾಯ್ಡೇ ತಿಳಿಸುವುದರಿಂದ ಅದು ಬೇಕಿಲ್ಲವೆಂದು ಮಗನು ಅದನ್ನು ಕೇಳಲೇ ಇಲ್ಲ. ನನಗೆ ಅವನ ವಿಷಯದಲ್ಲಿ ಹೆಮ್ಮೆಯೆನಿಸಿದ್ದು ಆಗಲೇ.

ನಿಜವಾದ ಪರೀಕ್ಷೆ 2023ರಲ್ಲಿ ಬಂದಿತು. ಹೊರದೇಶದ ವ್ಯಾಪಾರಿಯೊಬ್ಬರು ಆ್ಯಪನ್ನು ಕೊಳ್ಳುವುದಾಗಿ ಬರೆದರು. ಹೇಳಿದ ಮೊತ್ತ ನಮ್ಮ ಒಂಬತ್ತು ವರ್ಷಗಳ ಒಟ್ಟು ಗಳಿಕೆಯನ್ನು ಮೀರಿತ್ತು. ಸಹಪಾಠಿಗೆ ಮನೆಸಾಲವಿತ್ತು, ಮಾರುವುದೇ ಸರಿಯೆಂದನು. ಅಂಗಡಿ ಮಾರುವಾಗ ಪಗಡಿ ತೆಗೆದುಕೊಳ್ಳುವುದಿಲ್ಲವೇ ಎಂಬ ಅವನ ಪ್ರಶ್ನೆ ಅಲ್ಲಗಳೆಯುವಂಥದಲ್ಲ. ಆದರೆ ಅಂಗಡಿ ಕೈಬದಲಾದರೆ ಗಿರಾಕಿಗೆ ಗಲ್ಲೆಯ ಮೇಲೆ ಹೊಸ ಮುಖ ಕಾಣುತ್ತದೆ, ಬೇಡವಾದರೆ ಮುಂದಿನ ಅಂಗಡಿಗೆ ಹೋಗುತ್ತಾನೆ. ಆ್ಯಪು ಕೈಬದಲಾದರೆ ಹಳೆಯ ಹೆಸರಿನಲ್ಲಿಯೇ, ನಮಗೆ ಕೊಟ್ಟ ಅನುಮತಿಯ ಮೇಲೆಯೇ, ಹೊಸಬರು ಜನರ ಫೋನಿನೊಳಕ್ಕೆ ಹೋಗುತ್ತಾರೆ. ಆ ಅನುಮತಿ ನಮ್ಮಲ್ಲಿರುವ ಅನಾಮತ್ತು, ಮಾರಾಟದ ಸರಕಲ್ಲ ಎಂಬುದು ನನ್ನ ವಾದವಾಗಿತ್ತು.

ಅದೇ ವರ್ಷದ ಕೊನೆಗೆ, ಜಾಹೀರಾತುಗಳಿಲ್ಲವೆಂದೇ ಹೆಸರಾಗಿದ್ದ ‘ಸಿಂಪಲ್ ಮೊಬೈಲ್ ಟೂಲ್ಸ್’ ಎಂಬ ಆ್ಯಪುಗಳ ಸಮೂಹ ‘ಝಿಪೋಆ್ಯಪ್ಸ್’ ಎಂಬ ಸಂಸ್ಥೆಗೆ ಮಾರಾಟವಾಯಿತು. ಅದರಲ್ಲಿ ಹಾಡು ನುಡಿಸುವ ಆ್ಯಪೂ ಇತ್ತು. ಬಳಕೆದಾರರು ಬಹಳ ನೊಂದುಕೊಂಡರು. ಮೂಲಸಂಕೇತ ಮುಕ್ತ ಪರವಾನಗಿಯಲ್ಲಿದ್ದುದರಿಂದ ಅದಕ್ಕಾಗಿ ದುಡಿದಿದ್ದವರೊಬ್ಬರು ‘ಫಾಸಿಫೈ’ ಎಂಬ ಹೆಸರಿನಲ್ಲಿ ಕೆಲಸವನ್ನು ಮುಂದುವರಿಸಿದರು.

“ಕಾಕಾ, ವಿಶ್ವಾಸದ ಮಾತು ಸರಿ, ನಿದ್ದೆಗೆಟ್ಟವರು ನಾವಲ್ಲವೇ?” ಎಂದನು ಸಹಪಾಠಿ. ಈ ಮಾತನ್ನು ತಳ್ಳಿಹಾಕಲಾಗದು. ಒಬ್ಬನ ಸಂಬಳವಿಲ್ಲದ ದುಡಿಮೆಯ ಮೇಲೆ ಸಾವಿರಾರು ಜನರ ಅನುಕೂಲ ನಿಂತಿರುವುದು ಧರ್ಮವೆಂದು ನಾನು ಒಪ್ಪಲಾರೆ. ದಾನವೂ ಶಕ್ತಿಯನ್ನು ಮೀರಬಾರದಷ್ಟೆ. ಕೊನೆಗೆ, ಹೊರಗಿನವರು ಕೊಡಲಿದ್ದ ಮೊತ್ತದಷ್ಟಲ್ಲದಿದ್ದರೂ, ಅವನ ಪಾಲಿನ ಬೆಲೆಯನ್ನು ನಮ್ಮ ಅಂಗಡಿಯ ಲಾಭದಿಂದ ಮೂರು ಕಂತುಗಳಲ್ಲಿ ಕೊಟ್ಟೆವು. ಮುಂದೊಂದು ದಿನ ಮಗನಿಂದ ನಿರ್ವಹಣೆ ಸಾಧ್ಯವಾಗದಿದ್ದರೆ ಒಂದು ವರ್ಷ ಮೊದಲೇ ಬಳಕೆದಾರರಿಗೆ ತಿಳಿಸಿ, ಮೂಲಸಂಕೇತವನ್ನು ಮುಕ್ತವಾಗಿ ಒಪ್ಪಿಸಬೇಕೆಂದು ಕಾಗದದ ಮೇಲೆ ಬರೆದಿಟ್ಟಿದ್ದೇವೆ. ಸಹಪಾಠಿಯು ಅದಕ್ಕೆ ಸಾಕ್ಷಿಯ ಸಹಿ ಹಾಕಿದ್ದಾನೆ. ಮಾರಿದ್ದರೆ ತಪ್ಪೇನೂ ಆಗುತ್ತಿರಲಿಲ್ಲವೆಂಬ ತನ್ನ ಅಭಿಪ್ರಾಯವನ್ನು ಮಾತ್ರ ಇಂದಿಗೂ ಬಿಟ್ಟಿಲ್ಲ.