ಮನೆ ಹಿಸ್ಸೆಯಾಯ್ತು, ಬಾವಿ ಒಂದೇ

ಆ ಸೋಮವಾರ ಆಫೀಸಿಗೆ ಹೋದಾಗ ಕಂಪ್ಯೂಟರ್ ಹಳೆಯದೇ, ಒಳಗಿನ ಎಕ್ಸೆಲ್ ಮಾತ್ರ ಹೊಸದು. 2010ರ ಆವೃತ್ತಿ ಹೋಗಿ 2013 ಬಂದಿತ್ತು. "ಏನೂ ಬದಲಾಗಿಲ್ಲ ಮೇಡಂ, ಎಲ್ಲಾ ಅದೇ" ಅಂತ ಸಿಸ್ಟಮ್ ನೋಡಿಕೊಳ್ಳೋ ಹುಡುಗ ಹೇಳಿ ಹೋದ.

ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಸಂಬಳದ ಲೆಕ್ಕ ನೋಡೋದು ನನ್ನ ಕೆಲಸ. ತಿಂಗಳ ಕೊನೆ ಬಂತು ಅಂದ್ರೆ ಎರಡು ಫೈಲ್ ಅಕ್ಕಪಕ್ಕ ಇರಲೇಬೇಕು. ಎಡಕ್ಕೆ ಹಾಜರಿ, ಬಲಕ್ಕೆ ಸಂಬಳ. ಹಳೆಯ ಎಕ್ಸೆಲ್‌ನಲ್ಲಿ ಎರಡೂ ಒಂದೇ ದೊಡ್ಡ ವಿಂಡೋ ಒಳಗೆ ಇರುತ್ತಿದ್ದವು, ಮೇಲೆ ಒಂದೇ ರಿಬ್ಬನ್. ಹೊರಗಿನ ಇಂಟು ಗುರುತು ಒತ್ತಿದರೆ ಎಲ್ಲ ಫೈಲ್ ಮುಚ್ಚುತ್ತಿತ್ತು, ಒಳಗಿನದು ಒತ್ತಿದರೆ ಒಂದೇ ಒಂದು. ನನ್ನ ಕೈಗೆ ಇದೆಲ್ಲ ಬಾಯಿಪಾಠ.

ಹೊಸದರಲ್ಲಿ ಪ್ರತಿ ಫೈಲಿಗೂ ಅದರದೇ ವಿಂಡೋ, ಅದರದೇ ರಿಬ್ಬನ್. ಒಂದು ತೆರೆದರೆ ಇನ್ನೊಂದು ಅದರ ಹಿಂದೆ ಮಾಯ. ಅಕ್ಕಪಕ್ಕ ಇಟ್ಟರೆ ಅರ್ಧ ಪರದೆಯ ರಿಬ್ಬನ್‌ನಲ್ಲಿ ಬೇಕಾದ ಬಟನ್‌ಗಳೆಲ್ಲ ಮುದುಡಿ ಕೂತಿರೋವು. ಒಂದು ವಾರ ಹಾಜರಿ ಫೈಲ್ ಹುಡುಕೋದರಲ್ಲೇ ಕಳೀತು.

ಇಷ್ಟಾದರೆ ಬರೀ ಕಿರಿಕಿರಿ. ತಪ್ಪು ನಡೆದದ್ದು ಆ ತಿಂಗಳ ಕೊನೆಗೆ.

ಸಂಬಳ ಆದ ಮಾರನೇ ದಿನ ಪ್ಯಾಕಿಂಗ್ ಸೆಕ್ಷನ್‌ನ ಅಣ್ಣ ಒಬ್ಬರು ನನ್ನ ಟೇಬಲ್ ಹತ್ತಿರ ಬಂದು ನಿಂತರು. "ಮೇಡಂ, ಸ್ಲಿಪ್‌ನಲ್ಲಿ ಓಟಿ ಬಂದಿಲ್ಲ. ನಾನೇ ತಪ್ಪು ತಿಳ್ಕೊಂಡಿದೀನೋ ಏನೋ" ಅಂತ ಜೇಬಿನಿಂದ ಪುಟ್ಟ ಕ್ಯಾಲೆಂಡರ್ ತೆಗೆದರು. ಓಟಿ ಮಾಡಿದ ದಿನಗಳಿಗೆಲ್ಲ ಪೆನ್ನಿಂದ ಸುತ್ತು ಹಾಕಿದ್ದರು. ಒಟ್ಟು 14 ಗಂಟೆ. ರಿಜಿಸ್ಟರ್‌ನಲ್ಲೂ 14. ನನ್ನ ಹಾಜರಿ ಫೈಲಿನಲ್ಲಿ ಖಾಲಿ.

ನಾನು ಅದನ್ನ ಟೈಪ್ ಮಾಡಿದ್ದು ಚೆನ್ನಾಗಿ ನೆನಪಿತ್ತು. ಆಮೇಲೆ ಸಂಬಳದ ಫೈಲಿಗೆ ಹೋಗಿದ್ದೆ, ಸೂತ್ರ ತಪ್ಪಾಯ್ತು ಅಂತ ಕಂಟ್ರೋಲ್-ಝಡ್ ಪಟಪಟ ಒತ್ತಿದ್ದೆ. ಬೇಕಿದ್ದಕ್ಕಿಂತ ಒಂದು ಸಲ ಜಾಸ್ತಿ.

ನಮ್ಮ ಹಿರಿಯ ಅಕೌಂಟೆಂಟ್ ಸರ್ ನೋಡಿ ನಕ್ಕರು. "ಮನೆ ಹಿಸ್ಸೆ ಆಗಿದೆಯಮ್ಮ, ಬಾವಿ ಇನ್ನೂ ಒಂದೇ." ಒಟ್ಟಿಗೆ ತೆರೆದ ಫೈಲ್‌ಗಳಿಗೆಲ್ಲ ಅನ್‌ಡೂ ಪಟ್ಟಿ ಒಂದೇ ಆಗಿರುತ್ತೆ, ಇಲ್ಲಿ ಒತ್ತಿದರೆ ಅಲ್ಲಿ ಮಾಡಿದ ಕೆಲಸವೂ ಅಳಿಸಿಹೋಗಬಹುದು. ಹಳೆಯದರಲ್ಲೂ ಹಾಗೇ ಇತ್ತಂತೆ. ಆದರೆ ಆಗ ಎರಡೂ ಫೈಲ್ ಒಂದೇ ಸೂರಿನಡಿ ಕಣ್ಣೆದುರಿಗೆ ಇರುತ್ತಿದ್ದವು. ಈಗ ವಿಂಡೋ ಬೇರೆ, ಹಾಗಾಗಿ ವ್ಯವಹಾರವೂ ಬೇರೆ ಅಂತ ನಾನೇ ನಂಬಿಬಿಟ್ಟಿದ್ದೆ. ಇದೇ ಸರ್ ಹೊಸ ಎಕ್ಸೆಲ್ ಬಂದ ದಿನ ತಡಕಾಡಿದಾಗ ನಾನು ಒಳಗೊಳಗೇ ನಕ್ಕಿದ್ದೆ ಅನ್ನೋದೂ ನೆನಪಾಯ್ತು.

ಅಣ್ಣನಿಗೆ ತಪ್ಪು ನನ್ನದೇ ಅಂತ ಹೇಳಿದೆ. ಬಾಕಿ ಹಣ ಅದೇ ವಾರ ಕೊಡಿಸಿದೆವು.

ಆಮೇಲೆ ಹೊಸ ಮನೆಗೆ ಒಗ್ಗಿಕೊಳ್ಳೋಕೆ ಕೂತೆ. ವಿಂಡೋಸ್ ಕೀ ಜೊತೆ ಎಡ-ಬಲ ಬಾಣ ಒತ್ತಿದರೆ ಫೈಲ್ ಅರ್ಧ ಪರದೆಗೆ ತಾನೇ ಹೋಗಿ ಕೂರುತ್ತೆ. ಕಂಟ್ರೋಲ್-ಎಫ್1 ಒತ್ತಿದರೆ ರಿಬ್ಬನ್ ಮಡಚಿಕೊಳ್ಳುತ್ತೆ, ಸಾಲುಗಳು ಜಾಸ್ತಿ ಕಾಣುತ್ತವೆ. ವ್ಯೂ ಮೆನುವಿನ 'ವ್ಯೂ ಸೈಡ್ ಬೈ ಸೈಡ್' ಆರಿಸಿದರೆ ಎರಡು ಫೈಲನ್ನೂ ಒಟ್ಟಿಗೆ ಸ್ಕ್ರೋಲ್ ಮಾಡಬಹುದು. ಎರಡನೇ ಮಾನಿಟರ್ ಸಿಕ್ಕ ಮೇಲಂತೂ ಹಾಜರಿ ಒಂದರಲ್ಲಿ, ಸಂಬಳ ಇನ್ನೊಂದರಲ್ಲಿ. ಹಳೆಯ ಎಕ್ಸೆಲ್‌ನಲ್ಲಿ ಇಷ್ಟು ಸಲೀಸಾಗಿ ಆಗುತ್ತಿರಲಿಲ್ಲ.

ಅನ್‌ಡೂ ಬಾಣದ ಪಕ್ಕದ ಪುಟ್ಟ ಗುರುತು ಒತ್ತಿದರೆ ಏನೇನು ಅಳಿಸುತ್ತೆ ಅನ್ನೋ ಪಟ್ಟಿ ಬರುತ್ತೆ. ಈಗ ಅದನ್ನ ನೋಡಿಯೇ ಒತ್ತೋದು. ಸಂಬಳ ಕಳಿಸೋ ಮುಂಚೆ ಓಟಿ ಗಂಟೆಗಳ ಮೊತ್ತವನ್ನ ರಿಜಿಸ್ಟರ್ ಜೊತೆ ತಾಳೆ ನೋಡ್ತೀನಿ.

ಆ ಅಣ್ಣ ಈಗಲೂ ಕ್ಯಾಲೆಂಡರ್‌ನಲ್ಲಿ ಸುತ್ತು ಹಾಕ್ತಾರೆ. ನಾನೂ ಬೇಡ ಅನ್ನಲ್ಲ.