ಬಾಲವಿಲ್ಲದ ಇಲಿ

ನಮ್ಮ ಮನೆಗೆ ಇಲಿಯ ಕಾಟ ಹೊಸದಲ್ಲ. ತೀರ್ಥಹಳ್ಳಿಯಂಥ ಮಳೆಯ ಊರಿನಲ್ಲಿ, ಅಟ್ಟವಿರುವ ಹಳೆಯ ಹಂಚಿನ ಮನೆಯಲ್ಲಿ, ಇಲಿ ಇಲ್ಲದಿದ್ದರೇ ಆಶ್ಚರ್ಯ. ಅಡಿಕೆ ಚೀಲ ಕಡಿದ ಇಲಿ, ಹಪ್ಪಳದ ಡಬ್ಬಿಗೆ ಕನ್ನ ಹಾಕಿದ ಇಲಿ, ನನ್ನ ಧಾರೆ ಸೀರೆಯ ಸೆರಗನ್ನೇ ರುಚಿ ನೋಡಿದ ಇಲಿ, ಎಲ್ಲವನ್ನೂ ಕಂಡವಳು ನಾನು. ಆದರೆ ಓಡಾಡುವ ಇಲಿಗಳು ಇಷ್ಟು ವರ್ಷ ಕೊಟ್ಟ ಕಷ್ಟಕ್ಕಿಂತ ಹೆಚ್ಚಿನ ಕಷ್ಟವನ್ನು ಓಡಾಡದೆ ನಿಂತ ಇಲಿಯೊಂದು ಕಳೆದ ಮಳೆಗಾಲದಲ್ಲಿ ನನಗೆ ಕೊಟ್ಟಿತು. ಅದು ಕಂಪ್ಯೂಟರಿನ ಇಲಿ. ಎಲ್ಲರೂ ಹೇಳುವಂತೆ ಮೌಸು.

ಅದಕ್ಕೆ ಆ ಹೆಸರು ಬಂದದ್ದೇ ಬಾಲದಿಂದಂತೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬುವರು ಯೋಚಿಸಿ, ಅವರ ಜೊತೆಗಾರ ಬಿಲ್ ಇಂಗ್ಲಿಷ್ 1964ರಲ್ಲಿ ಮಾಡಿಕೊಟ್ಟ ಮೊದಲ ಮೌಸು ಒಂದು ಮರದ ಡಬ್ಬಿ. ಕೆಳಗೆ ಎರಡು ಚಕ್ರ, ಮೇಲೆ ಒಂದು ಗುಂಡಿ, ಜೊತೆಗೊಂದು ವಯರು. ನೋಡಿದವರಿಗೆ ಅದು ಇಲಿಯ ಬಾಲದಂತೆ ಕಂಡಿತು. ಈಗ ನಮ್ಮ ಮನೆಯಲ್ಲಿರುವುದಕ್ಕೆ ಆ ಬಾಲವೂ ಇಲ್ಲ. ಬಾಲ ಹೋದರೂ ಹೆಸರು ಹೋಗಲಿಲ್ಲ ನೋಡಿ.

ನಾನು ಕಂಪ್ಯೂಟರ್ ಮುಟ್ಟಿದ್ದು ಅರವತ್ತು ದಾಟಿದ ಮೇಲೆ. ಮಗ ಬೆಂಗಳೂರಿನಲ್ಲಿ ಹೊಸದು ಕೊಂಡು, ಹಳೆಯದನ್ನು ನಮ್ಮ ಮನೆಗೆ ತಂದಿಟ್ಟ. 'ಅಪ್ಪನ ಪೆನ್ಷನ್ ಲೆಕ್ಕಕ್ಕೆ ಆಗುತ್ತೆ' ಎಂದ. ನಮ್ಮವರು ಎರಡು ದಿನ ಅದರಲ್ಲಿ ಇಸ್ಪೀಟ್ ಆಡಿ ಕೈಬಿಟ್ಟರು. ಮೇಲೆ ಕಸೂತಿಯ ಬಟ್ಟೆ ಹೊದೆಸಿಟ್ಟವಳು ನಾನು. ಆಮೇಲೊಂದು ದಿನ ಆ ಬಟ್ಟೆ ತೆಗೆದವಳೂ ನಾನೇ. ನುಡಿ ತಂತ್ರಾಂಶದಲ್ಲಿ ಒಂದೊಂದೇ ಅಕ್ಷರ ಹುಡುಕುತ್ತಾ, 'ಕ'ಗೆ ಕೊಂಬು ಕೊಡಲು ಐದು ನಿಮಿಷ ತೆಗೆದುಕೊಳ್ಳುತ್ತಾ ಕಲಿತೆ. ಅದಕ್ಕೆ ಕಾರಣ ನನ್ನ ಅತ್ತೆಯ ಹಾಡಿನ ಪುಸ್ತಕ.

ಅತ್ತೆ 1956ರಲ್ಲಿ ಮದುವೆಯಾಗಿ ಈ ಮನೆಗೆ ಬಂದಾಗ ಟ್ರಂಕಿನಲ್ಲಿ ತಂದದ್ದು ಆರು ಸೀರೆ, ಒಂದು ತಾಮ್ರದ ತಂಬಿಗೆ ಮತ್ತು ಈ ನೋಟ್‌ಬುಕ್ಕು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರ ಹಾಡು, ತೊಟ್ಟಿಲ ಹಾಡು, ಎಲ್ಲ ಸೇರಿ ಅರವತ್ತಮೂರು. ಶಾಯಿ ಈಗ ತೆಳುವಾದ ಚಹಾದ ಬಣ್ಣಕ್ಕೆ ತಿರುಗಿದೆ. ಕೆಲವು ಪುಟಗಳ ಅಂಚನ್ನು ನಿಜವಾದ ಇಲಿಗಳೇ ತಿಂದಿವೆ. ಕಾರ್ತೀಕದಲ್ಲಿ ನಾದಿನಿಯ ಮಗಳ ಮದುವೆ. ಬಂದ ಮುತ್ತೈದೆಯರ ಕೈಗೆ ಒಂದೊಂದು ಪುಟ್ಟ ಪುಸ್ತಕ ಮಾಡಿ ಕೊಡೋಣವೆಂದು ನಾನೇ ಒಪ್ಪಿಕೊಂಡಿದ್ದೆ.

ಅವಸರಕ್ಕೆ ಮದುವೆಯೊಂದೇ ಕಾರಣವಾಗಿರಲಿಲ್ಲ. ಅತ್ತೆಗೆ ಎಂಬತ್ತೆಂಟು. ಬೆಳಿಗ್ಗೆ ತಿಂಡಿ ತಿಂದದ್ದು ಹತ್ತು ಗಂಟೆಗೆ ನೆನಪಿರುವುದಿಲ್ಲ. ಆದರೆ 'ಅತ್ತೆ, ಇಲ್ಲಿ ಮೂರನೆಯ ನುಡಿ ಅಳಿಸಿಹೋಗಿದೆ' ಎಂದರೆ ಸಾಕು, ಕಣ್ಣು ಮುಚ್ಚಿ ರಾಗ ಎತ್ತಿ ಪೂರ್ತಿ ಹಾಡಿಬಿಡುತ್ತಾರೆ. ಹಾಡಿಬಿಡುತ್ತಿದ್ದರು ಎನ್ನಬೇಕು. ಈಚೆಗೆ ಅಲ್ಲಿಯೂ ಒಂದೊಂದು ಸಾಲು ಜಾರುತ್ತಿತ್ತು. ರಾಗ ಮುಂದೆ ಹೋಗುತ್ತದೆ, ಮಾತು ಹಿಂದೆ ಉಳಿಯುತ್ತದೆ. ಆಗ ಅವರು ನನ್ನ ಮುಖ ನೋಡುವ ರೀತಿ ನನ್ನಿಂದ ನೋಡಲಾಗುವುದಿಲ್ಲ.

ಹೀಗೆ ನಲವತ್ತು ಹಾಡು ಮುಗಿಸಿದ್ದಾಗ ಒಂದು ಶುಕ್ರವಾರ ಮೌಸು ಕೈಕೊಟ್ಟಿತು. ಪರದೆಯ ಮೇಲಿನ ಬಾಣ ಒಂದು ಕ್ಷಣ ಓಡುವುದು, ಒಂದು ಕ್ಷಣ ನಿಲ್ಲುವುದು, ಮತ್ತೆ ಹಾರಿ ಮೂಲೆ ಸೇರುವುದು. ನಾನು ಬಿಡದೆ ಎಳೆದಾಡಿದೆ. ಆ ಎಳೆದಾಟದಲ್ಲಿ ಬೀಗರ ಹಾಡಿನ ಎರಡು ನುಡಿ ಹೋಗಿ ಆರತಿ ಹಾಡಿನ ನಡುವೆ ಕೂತವು. ಲಕ್ಷ್ಮಿಗೆ ಆರತಿ ಎತ್ತುತ್ತಿದ್ದವರು ಇದ್ದಕ್ಕಿದ್ದಂತೆ ಬೀಗಿತ್ತಿಯ ಮೂಗನ್ನು ಗೇಲಿ ಮಾಡತೊಡಗಿದರು. ಸಿಟ್ಟು ಬಂದು ಮೌಸನ್ನು ಮೇಜಿಗೆ ಎರಡು ಸಲ ಕುಟ್ಟಿದೆ. ಸರಿಯಾಯಿತು! ಕಾಲು ಗಂಟೆ ಕಳೆದ ಮೇಲೆ ಮತ್ತೆ ಅದೇ ಹಾಡು.

ಮಗನಿಗೆ ಫೋನ್ ಮಾಡಿದೆ. "ಅಮ್ಮಾ, ಒಂದೇ ಸಲ ಎಲ್ಲ ಮುಟ್ಟಬೇಡ. ಒಂದೊಂದಾಗಿ ನೋಡು. ಮೊದಲು ಸೆಲ್ಲು ಬದಲಾಯಿಸು" ಎಂದ.

ಟಿ.ವಿ. ರಿಮೋಟಿನ ಸೆಲ್ಲು ತೀರ ಸಣ್ಣದು, ಹಿಡಿಸಲಿಲ್ಲ. ಗೋಡೆ ಗಡಿಯಾರದ್ದು ತೆಗೆದು ಹಾಕಿದೆ. ಮೌಸು ಏಳಲಿಲ್ಲ, ಗಡಿಯಾರವೂ ನಿಂತಿತು. ನಮ್ಮವರು ಮೂರು ಗಂಟೆಯ ಕಾಫಿಗಾಗಿ ಐದು ಗಂಟೆಯವರೆಗೆ ಕಾದರು. ಆಮೇಲೆ ತಿಳಿದದ್ದೇನೆಂದರೆ, ಗಡಿಯಾರಕ್ಕೆ ಬೇಕಾಗುವ ಕರೆಂಟು ಬಹಳ ಕಡಿಮೆ. ಮೌಸಿಗೆ ಸಾಲದ ಸೆಲ್ಲು ಗಡಿಯಾರವನ್ನು ತಿಂಗಳುಗಟ್ಟಲೆ ಓಡಿಸಬಲ್ಲದು. ಅಂಗಡಿಯಿಂದ ಹೊಸ ಸೆಲ್ಲು ತರಿಸಿ ಹಾಕಿದೆ. ಬಾಣ ಸ್ವಲ್ಪ ಹೊತ್ತು ಓಡಿ ಮತ್ತೆ ನಿಂತಿತು.

"ರಿಸೀವರ್ ಎಲ್ಲಿದೆ?" ಎಂದ ಮಗ. ಉಗುರಿನಷ್ಟು ದೊಡ್ಡ ವಸ್ತು ಅದು. ಬಾಲವಿಲ್ಲದ ಮೌಸು ರೇಡಿಯೋ ಅಲೆಯ ಮೂಲಕ ಮಾತಾಡುವುದು ಇದರ ಜೊತೆ. ನಮ್ಮದು ಕಂಪ್ಯೂಟರಿನ ಪೆಟ್ಟಿಗೆಯ ಹಿಂಭಾಗದಲ್ಲಿ, ನೀಲಿ ಬಣ್ಣದ ಕಿಂಡಿಯಲ್ಲಿ, ಪೆನ್‌ಡ್ರೈವಿನ ಪಕ್ಕದಲ್ಲಿ ಕೂತಿತ್ತು. ನಡುವೆ ಕಬ್ಬಿಣದ ಪೆಟ್ಟಿಗೆ ಅಡ್ಡ. ಸಾಲದ್ದಕ್ಕೆ ಆ ನೀಲಿ ಕಿಂಡಿಗಳು ಕೆಲಸ ಮಾಡುವಾಗ ಹೊರಡುವ ಗದ್ದಲ ಮೌಸು ಮಾತಾಡುವ 2.4 ಗಿಗಾಹರ್ಟ್ಸ್ ಅಲೆಗಳಿಗೇ ತೊಡಕಾಗುತ್ತದಂತೆ. ಮದುವೆ ಮನೆಯಲ್ಲಿ ವಾಲಗದವರ ಪಕ್ಕ ಕೂತು ಕ್ಷೇಮಸಮಾಚಾರ ಕೇಳಿದ ಹಾಗೆ. ರಿಸೀವರನ್ನು ಕಿತ್ತು ಮುಂಭಾಗದ ಕಿಂಡಿಗೆ ಹಾಕಿದೆ. ಕುಪ್ಪಳಿಸುವುದು ಎಷ್ಟೋ ಕಡಿಮೆಯಾಯಿತು. ನಿಲ್ಲುವುದು ನಿಲ್ಲಲಿಲ್ಲ.

ಮುಂದಿನದು ಮೇಜು. ಮೇಜಿನ ಮೇಲೆ ಗಾಜು ಹಾಸಿದೆ. ಮೌಸಿನ ಹೊಟ್ಟೆಯಲ್ಲೊಂದು ಕಣ್ಣಿದೆ. ಅದು ತನ್ನ ಕೆಳಗಿನ ನೆಲವನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಚಿತ್ರ ಹಿಡಿದು, ಒಂದಕ್ಕೊಂದು ಹೋಲಿಸಿ, ತಾನು ಎತ್ತ ಸರಿದೆನೆಂದು ತಿಳಿಯುತ್ತದೆ. ಗಾಜಿನ ಮೇಲೆ ಗುರುತು ಹಿಡಿಯುವಂಥದು ಏನಿದೆ? ಹಳೆಯ ಕ್ಯಾಲೆಂಡರಿನ ರಟ್ಟನ್ನು ಕೆಳಗಿಟ್ಟೆ. ಮೌಸನ್ನು ಮಗುಚಿ ನೋಡಿದರೆ ಕಣ್ಣಿನ ಗುಂಡಿಯಲ್ಲಿ ಒಂದು ಬಿಳಿ ಕೂದಲು. ನನ್ನದೇ. ಚಿಮುಟದಲ್ಲಿ ಹಿಡಿದು ತೆಗೆದೆ. ಬಾಣ ಈಗ ಬೆಣ್ಣೆಯ ಮೇಲೆ ಜಾರಿದಂತೆ ಓಡಿತು. ಗೆದ್ದೆ ಎಂದುಕೊಂಡು ಅಡುಗೆಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬಂದರೆ, ಪೂರ್ತಿ ಸತ್ತು ಕೂತಿದೆ. ಕೆಳಗಿನ ಕೆಂಪು ದೀಪವೂ ಇಲ್ಲ.

ಶನಿವಾರ ನಮ್ಮವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಮಳೆಯಲ್ಲೇ ಕಂಪ್ಯೂಟರ್ ಅಂಗಡಿಗೆ ಹೋಗಿ ಬಂದರು. ಅಲ್ಲಿದ್ದ ಹುಡುಗ ಅದನ್ನು ಕೈಯಲ್ಲಿ ಹಿಡಿಯಲೂ ಇಲ್ಲವಂತೆ. ಇದನ್ನೆಲ್ಲ ಯಾರೂ ರಿಪೇರಿ ಮಾಡುವುದಿಲ್ಲ, ಸೋಮವಾರ ಬನ್ನಿ, ಹೊಸದು ಕೊಡುತ್ತೇನೆ ಎಂದನಂತೆ. ಅವನದೇನೂ ತಪ್ಪಿಲ್ಲ. ಐದಾರು ನೂರು ರೂಪಾಯಿಯ ವಸ್ತುವಿಗೆ ಅರ್ಧ ದಿನ ಕೂತರೆ ಅವನ ಹೊಟ್ಟೆ ತುಂಬುವುದು ಹೇಗೆ?

ನಮ್ಮವರು ಕೊಡೆ ಜಾಡಿಸುತ್ತಾ ಜಗಲಿಯಿಂದಲೇ ಕೂಗಿದರು. ಅತ್ತೆಗೆ ಕಿವಿ ಮಂದ. ಆದ್ದರಿಂದ ನಮ್ಮ ಮನೆಯಲ್ಲಿ ಗುಟ್ಟನ್ನೂ ಕೂಗಿಯೇ ಹೇಳುವ ಅಭ್ಯಾಸ.

"ಹಳೇದಾಯ್ತು ಕಣೇ! ಇನ್ನು ಇಟ್ಕೊಂಡು ಉಪಯೋಗ ಇಲ್ಲ. ಬಿಸಾಡಿ ಹೊಸದು ತರೋದೇ!"

ಮಂಚದ ಮೇಲೆ ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆಯೆತ್ತಿದರು. "ಯಾರನ್ನ ಮಾರಾಯ, ಬಿಸಾಡೋದು?"

ನಮ್ಮವರು ನಕ್ಕರು. ನಾನೂ ನಕ್ಕೆ. ಅತ್ತೆ ನಗಲಿಲ್ಲ. ಉತ್ತರಕ್ಕಾಗಿ ಕಾಯುತ್ತಾ ಒಮ್ಮೆ ಮಗನನ್ನು, ಒಮ್ಮೆ ನನ್ನನ್ನು ನೋಡಿದರು. ಅವರು ನಿಜವಾಗಿಯೇ ಕೇಳಿದ್ದರು. ನಮ್ಮವರ ನಗು ಅಲ್ಲಿಗೇ ನಿಂತಿತು. ಒದ್ದೆ ಕೊಡೆಯನ್ನು ಮೂಲೆಗೆ ಒರಗಿಸುವ ನೆಪದಲ್ಲಿ ಬೆನ್ನು ತಿರುಗಿಸಿದರು.

ನನಗೆ ಆ ರಾತ್ರಿ ಊಟ ಸೇರಲಿಲ್ಲ. ವಾರದ ಹಿಂದೆ ಫೋನಿನಲ್ಲಿ ನಾದಿನಿಗೆ ನಾನೇ ಹೇಳಿದ್ದೆ, 'ಅಮ್ಮನಿಗೆ ಇನ್ನೇನೂ ನೆನಪಿರಲ್ಲ ಕಣೇ, ಕೇಳಿ ಉಪಯೋಗ ಇಲ್ಲ' ಎಂದು. ಅದನ್ನೂ ಕೂಗಿಯೇ ಹೇಳಿದ್ದೆನಲ್ಲ?

ಸೋಮವಾರ ಹೊಸದು ಬರುವುದಿತ್ತು, ನಿಜ. ಆದರೂ ಭಾನುವಾರ ಮಧ್ಯಾಹ್ನ ಆ ಮೌಸನ್ನು ತೆಗೆದುಕೊಂಡು ಹೋಗಿ ಅತ್ತೆಯ ಮಂಚದ ಮೇಲೆ ಕೂತೆ. ಅವರ ಕೈಗೆ ಕೊಟ್ಟೆ. "ಇದೇ ಅತ್ತೆ, ನಿನ್ನೆ ನಿಮ್ಮ ಮಗ ಬಿಸಾಡ್ತೀನಿ ಅಂದದ್ದು. ನಿಮ್ಮ ಹಾಡು ಬರೀತೀನಲ್ಲ, ಅದಕ್ಕೆ ಬೇಕಾದ ಇಲಿ."

"ಇಲಿಯಾ? ಗಣಪತಿ ಕೂತ್ಕೋಬೇಕಲ್ಲ ಇದರ ಮೇಲೆ" ಎಂದು ಅತ್ತೆ ತಿರುಗಿಸಿ ತಿರುಗಿಸಿ ನೋಡಿದರು. ಅತ್ತೆಯ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ದೂರದ್ದು ಹತ್ತಿರದ್ದು ಎಲ್ಲ ನನಗಿಂತ ಚೆನ್ನಾಗಿ ಕಾಣುತ್ತದೆ. ನಾನೋ, ಕನ್ನಡಕವಿಲ್ಲದೆ ಕೈಯಂದಾಜಿನಲ್ಲೇ ಸೆಲ್ಲು ತೆಗೆದು ಹಾಕಿ ಮಾಡಿದವಳು. ಅವರು ಮುಚ್ಚಳ ತೆಗೆಸಿ, ಸೆಲ್ಲು ತೆಗೆಸಿ, ಗೂಡಿನೊಳಗೆ ಇಣುಕಿದರು.

"ಕಿಲುಬು ಹಿಡಿದಿದೆ ಕಣೇ ಇದಕ್ಕೆ. ಹುಣಿಸೆಹಣ್ಣು ಹಾಕಿ ತಿಕ್ಕು."

ಓಡಿಹೋಗಿ ಕನ್ನಡಕ ತಂದೆ. ಹೌದು. ಸೆಲ್ಲಿನ ಬುಡ ತಾಗುವ ಸ್ಪ್ರಿಂಗಿನ ಮೇಲೆ ಹಸಿರು ಮಿಶ್ರಿತ ಬಿಳಿಯ ಪುಡಿ, ಉಪ್ಪು ಕಟ್ಟಿದ ಹಾಗೆ. ಚಳಿಗಾಲದಲ್ಲಿ ಮಗನ ಮನೆಗೆ ಹೋಗಿ ಮೂರು ತಿಂಗಳು ಇದ್ದು ಬಂದಿದ್ದೆವು. ಸೆಲ್ಲು ಒಳಗೇ ಇತ್ತು. ಬಳಸದೆ ಬಿಟ್ಟ ಸೆಲ್ಲು ಸೋರಿ, ನಮ್ಮೂರಿನ ಥಂಡಿಯೂ ಸೇರಿ, ಆ ಪುಡಿ ಕಟ್ಟಿತ್ತು. ಸೆಲ್ಲು ಹೊಸದಾದರೇನು? ಅದಕ್ಕೂ ಮೌಸಿಗೂ ನಡುವೆ ಆ ಪುಡಿಯ ಗೋಡೆ. ಕುಟ್ಟಿದಾಗ ಅದು ಸ್ವಲ್ಪ ಸರಿದು ಒಂದು ಗಳಿಗೆ ತಾಗುತ್ತಿತ್ತು, ಅಷ್ಟೇ. ಕಣ್ಣು ಚೆನ್ನಾಗಿತ್ತು, ರಿಸೀವರ್ ಚೆನ್ನಾಗಿತ್ತು. ಮೌಸು ಸತ್ತೇ ಇರಲಿಲ್ಲ.

ಮಗನನ್ನು ಕೇಳಿದೆ. "ಅಜ್ಜಿ ಹೇಳಿದ್ದು ಸರಿ ಅಮ್ಮಾ! ಸೋರಿದ್ದು ಕ್ಷಾರ, ಅದಕ್ಕೆ ಹುಳಿಯೇ ಮದ್ದು. ಆದ್ರೆ ಹುಣಿಸೆಹಣ್ಣು ಜಿಗುಟು, ನಿಂಬೆಹುಳಿ ಹಾಕು. ಒಂದೇ ಹನಿ. ನೀರು ಒಳಗೆ ಇಳಿಸಬೇಡ. ಮತ್ತೆ ಆ ಪುಡಿ ಚರ್ಮ ಸುಡುತ್ತೆ, ಬರಿಗೈಯಲ್ಲಿ ಮುಟ್ಟಬೇಡಿ."

ಮೊದಲು ಅತ್ತೆಯ ಕೈ ತೊಳೆಸಿದೆ. ನನ್ನ ಬೆರಳಿಗೆ ಪ್ಲಾಸ್ಟಿಕ್ ಸುತ್ತಿಕೊಂಡೆ. ಅತ್ತೆ ಊದುಬತ್ತಿಯ ಕಡ್ಡಿಗೆ ಹತ್ತಿ ಸುತ್ತಿಕೊಟ್ಟರು, ನಾನು ನಿಂಬೆಹುಳಿ ಅದ್ದಿ ಒರೆಸಿದೆ. ಹನಿ ತಾಗಿದ ಕಡೆ ಸಣ್ಣಗೆ ನೊರೆ ಎದ್ದಿತು. ಹಳದಿಯಾದ ಕಡ್ಡಿ ಬಿಸಾಡಿ ಇನ್ನೊಂದು. ಹೀಗೆ ಏಳೆಂಟು ಕಡ್ಡಿ. ನಮ್ಮವರು ಬಂದು ನಿಂತು ನೋಡಿದರು. ಏನೂ ಹೇಳದೆ ಹೋಗಿ ತಮ್ಮ ಬ್ಯಾಟರಿ ತಂದು ಬೆಳಕು ಹಿಡಿದರು. ಕೊನೆಗೆ ಲೋಹದ ಹೊಳಪು ಕಂಡಿತು. ಒಣಹತ್ತಿಯಲ್ಲಿ ಒರೆಸಿ, ಕುಗ್ಗಿದ್ದ ಸ್ಪ್ರಿಂಗನ್ನು ಚಿಮುಟದಿಂದ ತುಸು ಮುಂದಕ್ಕೆಳೆದು, ಮುಚ್ಚಳ ತೆರೆದೇ ರಾತ್ರಿಯೆಲ್ಲ ಒಣಗಲು ಬಿಟ್ಟೆ.

ಸೋಮವಾರ ಬೆಳಿಗ್ಗೆ ಹೊಸ ಸೆಲ್ಲು ಹಾಕಿದಾಗ ಕೆಂಪು ದೀಪ ಹತ್ತಿತು. ಬಾಣ ಎಲ್ಲಿ ಕರೆದರೆ ಅಲ್ಲಿಗೆ ಬಂತು. ಮೊದಲು ಬೀಗಿತ್ತಿಯನ್ನು ಲಕ್ಷ್ಮಿಯ ಸನ್ನಿಧಿಯಿಂದ ಹೊರಗೆ ಕಳಿಸಿದೆ. ನಮ್ಮವರು ಅಂಗಡಿಗೆ ಹೋಗಲಿಲ್ಲ. ಈಗ ಊರಿಗೆ ಹೊರಡುವಾಗ ಗ್ಯಾಸ್ ಆರಿಸಿದೆಯಾ ಎಂದು ನಾನು ಕೇಳಿದರೆ, ಸೆಲ್ಲು ತೆಗೆದೆಯಾ ಎಂದು ಅವರು ಕೇಳುತ್ತಾರೆ.

ಇದನ್ನು ಓದಿ, ಹಾಗಾದರೆ ಅತ್ತೆಯ ನೆನಪಿಗೂ ಒಂದು ನಿಂಬೆಹುಳಿ ಸಿಕ್ಕಿತೇ ಎಂದು ನೀವು ಕೇಳಬಹುದು. ಇಲ್ಲ. ಮನುಷ್ಯರ ಕಿಲುಬನ್ನು ಹಾಗೆ ಒರೆಸಲಾಗುವುದಿಲ್ಲ. ಆದರೆ ಈಗ ನಾನು ಅವರನ್ನು 'ನೆನಪಿದೆಯಾ?' ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಹತ್ತಿ ಬಿಡಿಸುತ್ತಾ ಪಕ್ಕದಲ್ಲಿ ಕೂತು, ನನಗೆ ಬಂದಷ್ಟು ರಾಗದಲ್ಲಿ ಹಾಡು ಶುರುಮಾಡುತ್ತೇನೆ. ನಾನು ತಪ್ಪಿದ ಕಡೆ ಅವರಿಗೆ ತಡೆಯಲಾಗುವುದಿಲ್ಲ. "ಹಾಗಲ್ಲ ಕಣೇ" ಎಂದು ಎತ್ತಿಕೊಳ್ಳುತ್ತಾರೆ. ಕೆಲವು ದಿನ ಎರಡು ಸಾಲು, ಕೆಲವು ದಿನ ಪೂರ್ತಿ ಹಾಡು, ಕೆಲವು ದಿನ ಏನೂ ಇಲ್ಲ.

ಅರವತ್ತೆರಡು ಹಾಡು ಮುಗಿದವು. ತೊಟ್ಟಿಲ ಹಾಡೊಂದರಲ್ಲಿ ಒಂದು ಸಾಲು ಮಾತ್ರ ಸಿಕ್ಕಲಿಲ್ಲ. ಆ ಜಾಗವನ್ನು ಇಲಿ ತಿಂದಿದೆ. ಅತ್ತೆ ಹಾಡುತ್ತಾ ಅಲ್ಲಿಗೆ ಬಂದಾಗ ಬರೀ ರಾಗದಲ್ಲಿ ದಾಟಿ ಹೋಗುತ್ತಾರೆ. ಪ್ರೆಸ್ಸಿನವರು ಚುಕ್ಕೆ ಹಾಕಿ ಎಂದರು. ಹಾಕಿ ಕೊಟ್ಟೆ, ಪುಸ್ತಕವೂ ಆಯಿತು, ಮದುವೆಯೂ ಆಯಿತು. ನನ್ನ ಕಂಪ್ಯೂಟರಿನಲ್ಲಿ ಮಾತ್ರ ಆ ಜಾಗ ಖಾಲಿ ಇದೆ. ದಿನಾ ಸಂಜೆ ಅದನ್ನು ತೆರೆದು, ಮೌಸಿನ ಬಾಣವನ್ನು ಅಲ್ಲಿಗೆ ತಂದಿಟ್ಟು, ಅತ್ತೆಯ ಪಕ್ಕ ಹೋಗಿ ಕೂರುತ್ತೇನೆ.