ಬೋನು, ಪಂಜರ, ಗೂಡು

ಕನ್ನಡದಲ್ಲಿ ಒಳಗಿಟ್ಟುಕೊಳ್ಳುವುದಕ್ಕೆ ಮೂರು ಮಾತುಗಳಾದರೂ ಇವೆ. ಚಿರತೆಗೆ ಬೋನು, ಗಿಳಿಗೆ ಪಂಜರ, ಗುಬ್ಬಿಗೆ ಗೂಡು. ಬೋನಿಗೆ ಬಿದ್ದದ್ದು ತಾನಾಗಿ ಆಚೆ ಬರಲಾರದು. ಪಂಜರದ ಬಾಗಿಲು ಇನ್ನೊಬ್ಬರ ಕೈಯಲ್ಲಿರುತ್ತದೆ. ಗೂಡಿಗೆ ಬಾಗಿಲೇ ಇಲ್ಲ. ನನ್ನ ಪಿಎಚ್.ಡಿ. ವಿಷಯಕ್ಕೆ ಇಂಗ್ಲಿಷಿನಲ್ಲಿ ‘ಮಾಲಿಕ್ಯುಲರ್ ಕೇಜ್’ ಅನ್ನುತ್ತಾರೆ. ಕಳೆದ ವಿಜ್ಞಾನ ದಿನಕ್ಕೆ ನಮ್ಮೂರ ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಅದರ ಬಗ್ಗೆ ಮಾತಾಡಲು ಒಪ್ಪಿಕೊಂಡವಳು, ತಯಾರಿಯ ಮೊದಲ ಸಾಲಿನಲ್ಲೇ ನಿಂತುಬಿಟ್ಟೆ. ಈ ಮೂರರಲ್ಲಿ ಯಾವುದನ್ನು ಬಳಸುವುದು?

ಸದ್ಯಕ್ಕೆ ಪಂಜರ ಎಂದೇ ಹೇಳಿದೆ. ಇಟ್ಟಿಗೆ, ಗಾರೆ ಎಲ್ಲವನ್ನೂ ಒಂದು ತೊಟ್ಟಿಗೆ ಸುರಿದು ಕಲಕಿದರೆ ಮನೆ ಎದ್ದು ನಿಲ್ಲುತ್ತದೆಯೇ ಎಂದು ಕೇಳಿದಾಗ ಮಕ್ಕಳು ನಕ್ಕರು. ಆದರೆ ನಮ್ಮ ಲ್ಯಾಬಿನಲ್ಲಿ ನಡೆಯುವುದು ಹೆಚ್ಚುಕಡಿಮೆ ಅದೇ. ತ್ರಿಕೋನದ ಹಲಗೆಯಂಥ ಒಂದು ಅಣು, ಅದರ ಮೂರು ಮೂಲೆಯಲ್ಲೂ ಒಂದೊಂದು ನೈಟ್ರೋಜನ್. ಇನ್ನೊಂದು ಕಡೆ ಪಲ್ಲಾಡಿಯಂ ಲೋಹ. ಅದರ ನಾಲ್ಕು ಕೈಗಳಲ್ಲಿ ಎರಡನ್ನು ಮೊದಲೇ ಕಟ್ಟಿಹಾಕಿರುತ್ತೇವೆ. ಉಳಿದೆರಡು ಲಂಬಕೋನದಲ್ಲಿ ಚಾಚಿಕೊಂಡಿರುತ್ತವೆ. ನಾಲ್ಕು ಹಲಗೆಗೆ ಆರು ಪಲ್ಲಾಡಿಯಂ ಬೆರೆಸಿ ನೀರಿನಲ್ಲಿ ಬಿಸಿ ಮಾಡಿದರೆ ಹನ್ನೆರಡು ಮೂಲೆ, ಹನ್ನೆರಡು ಕೈ, ಲೆಕ್ಕ ಸರಿಹೋಗುತ್ತದೆ. ಒಳಗೆ ಟೊಳ್ಳಿರುವ ಎಂಟು ಮುಖದ ಒಂದು ಆಕಾರ ತಾನೇ ಕಟ್ಟಿಕೊಳ್ಳುತ್ತದೆ. ಜಪಾನಿನ ಮಕೋಟೊ ಫುಜಿತಾ ಅವರ ತಂಡ 1995ರಲ್ಲಿ ಪ್ರಕಟಿಸಿದ ಪಂಜರವಿದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾರ್ಥಸಾರಥಿ ಮುಖರ್ಜಿಯವರ ತಂಡವೂ ಈ ಬಗೆಯ ಪಂಜರಗಳ ಮೇಲೆ ಕೆಲಸ ಮಾಡುತ್ತಿದೆ.

ಮೇಸ್ತ್ರಿಯಿಲ್ಲದೆ ಇದು ಕಟ್ಟಿಕೊಳ್ಳುವುದು ಹೇಗೆ? ಲೋಹ ಮತ್ತು ನೈಟ್ರೋಜನ್ ನಡುವಿನ ಬಂಧ ತೀರಾ ಗಟ್ಟಿಯಲ್ಲ ಎಂಬುದರಲ್ಲೇ ಉತ್ತರವಿದೆ. ತಪ್ಪು ಜಾಗದಲ್ಲಿ ಕೂಡಿಕೊಂಡರೆ ಬಿಟ್ಟುಕೊಳ್ಳುತ್ತದೆ, ಮತ್ತೆ ಕೂಡುತ್ತದೆ, ಮತ್ತೆ ಬಿಡುತ್ತದೆ. ಎಲ್ಲಕ್ಕಿಂತ ನೆಮ್ಮದಿಯ ಜೋಡಣೆ ಸಿಗುವ ತನಕ ಹೀಗೇ ನಡೆಯುತ್ತದೆ. ಬಂಧ ಬಿಗಿಯಾಗಿದ್ದಿದ್ದರೆ ಮೊದಲ ತಪ್ಪೇ ಕೊನೆಯ ರೂಪವಾಗಿ ಉಳಿದುಬಿಡುತ್ತಿತ್ತು.

ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ ಎದ್ದು ಕೇಳಿದಳು: “ಅಕ್ಕಾ, ಒಳಗೆ ಹೋಗಿದ್ದು ಆಚೆ ಬರುತ್ತಾ?”

ನನ್ನ ಕ್ಷೇತ್ರದ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯಲ್ಲಿದೆ. ಅಮೆರಿಕದ ಡೊನಾಲ್ಡ್ ಕ್ರಾಮ್ 1980ರ ದಶಕದಲ್ಲಿ ಕಟ್ಟಿದ ಅಣುಗಳಿಂದ ಏನೂ ಆಚೆ ಬರುತ್ತಿರಲಿಲ್ಲ. ಕಟ್ಟುವಾಗ ದ್ರಾವಕದ ಅಣುವೊಂದು ಒಳಗೆ ಸಿಕ್ಕಿಕೊಂಡರೆ, ಗೋಡೆ ಒಡೆಯದೆ ಅದಕ್ಕೆ ಬಿಡುಗಡೆಯಿಲ್ಲ. ಅವರು ಅದಕ್ಕೆ ಲ್ಯಾಟಿನ್ನಿನ ಸೆರೆಮನೆಯ ಪದದಿಂದ ‘ಕಾರ್ಸರಂಡ್’ ಎಂದು ಹೆಸರಿಟ್ಟರು. ಅದು ನಿಜವಾದ ಬೋನು. ನಮ್ಮ ಪಂಜರದ ಗೋಡೆಗಳಲ್ಲಿ ಕಿಂಡಿಗಳಿವೆ. ನೀರಿನಲ್ಲಿರಲು ಒಲ್ಲದ ಎಣ್ಣೆ ಜಾತಿಯ ಅಣುಗಳು ಆ ಕಿಂಡಿಗಳಿಂದ ಒಳನುಗ್ಗಿ ಕೂರುತ್ತವೆ. ಅವನ್ನು ನಾವು ಅತಿಥಿ ಎಂದೇ ಕರೆಯುತ್ತೇವೆ. ಒಳಗೆ ಹೋದದ್ದು ಕಣ್ಣಿಗೆ ಕಾಣುವುದಿಲ್ಲ. ರಾತ್ರಿ ಎರಡು ಗಂಟೆಗೆ ಎನ್‌ಎಂಆರ್ ಯಂತ್ರದ ಪರದೆಯ ಮೇಲೆ ಅತಿಥಿಯ ಹೈಡ್ರೋಜನ್ ಗೆರೆಗಳು ಇದ್ದ ಜಾಗ ಬಿಟ್ಟು ಬಲಕ್ಕೆ ಸರಿದಿದ್ದರೆ ‘ಕೂತಿದೆ’ ಎಂದು ಗೊತ್ತಾಗುತ್ತದೆ. ಪರಿಚಿತರ ದನಿ ಪಕ್ಕದ ಕೋಣೆಯಿಂದ ಬೇರೆ ಥರ ಕೇಳಿಸಿದ ಹಾಗೆ.

ಮಕ್ಕಳಿಗೆ ಹೆಚ್ಚು ಹಿಡಿಸಿದ್ದು ಬಿಳಿ ರಂಜಕದ ಕಥೆ. ಗಾಳಿಗೆ ತೆರೆದಿಟ್ಟರೆ ಅದು ಹೊತ್ತಿಕೊಳ್ಳುತ್ತದೆ. ಅದಕ್ಕೇ ನೀರಿನಡಿ ಇಡುತ್ತಾರೆ. ಕೇಂಬ್ರಿಡ್ಜಿನ ಜೊನಾಥನ್ ನಿಟ್ಷ್ಕೆ ಮತ್ತು ಸಂಗಡಿಗರು 2009ರಲ್ಲಿ ನಾಲ್ಕು ಕಬ್ಬಿಣದ ಮೂಲೆಗಳ ಪಂಜರದೊಳಗೆ ಅದನ್ನು ಕೂರಿಸಿದರು. ಗಾಳಿಯಲ್ಲಿಟ್ಟರೂ ರಂಜಕ ಹಾಗೇ ಉಳಿಯಿತು. ಗೋಡೆ ಆಕ್ಸಿಜನ್ನನ್ನು ತಡೆಯುತ್ತದೆ ಎಂದುಕೊಂಡರೆ ಅದು ಸರಿಯಲ್ಲ. ಆಕ್ಸಿಜನ್ ಒಳಗೆ ಬರಬಲ್ಲಷ್ಟು ಚಿಕ್ಕದೇ. ಆದರೆ ಅದು ರಂಜಕದೊಡನೆ ಕೂಡಿದರೆ ಹುಟ್ಟುವ ರೂಪಕ್ಕೆ ಆ ಟೊಳ್ಳಿನಲ್ಲಿ ಜಾಗ ಸಾಲದು. ಜಾಗವಿಲ್ಲದ್ದರಿಂದ ಬೆಂಕಿಯೂ ಇಲ್ಲ. ರಂಜಕವನ್ನು ಬಿಡಿಸಬೇಕೆಂದರೆ ಸ್ವಲ್ಪ ಬೆಂಜೀನ್ ಹಾಕಿದರಾಯಿತು. ಅದು ಬಂದು ಕೂರುತ್ತದೆ, ರಂಜಕ ಎದ್ದು ಹೋಗುತ್ತದೆ.

ಕಾಪಾಡುವುದು ಎಂಬ ಮಾತು ನನಗೆ ಅಷ್ಟು ಸಲೀಸಾಗಿ ಬರುವುದಿಲ್ಲ. ಡಿಗ್ರಿ ಓದುವಾಗ ನಾನಿದ್ದ ಹಾಸ್ಟೆಲಿನ ಗೇಟಿಗೆ ಸಂಜೆ ಆರೂವರೆಗೆ ಬೀಗ ಬೀಳುತ್ತಿತ್ತು. ಲೈಬ್ರರಿ ಎಂಟರವರೆಗೆ ತೆರೆದಿರುತ್ತಿತ್ತು. ಹುಡುಗರ ಹಾಸ್ಟೆಲಿನ ಗೇಟಿಗೆ ಬೀಗವೇ ಇರಲಿಲ್ಲ. ಕೇಳಲು ಹೋದಾಗ ವಾರ್ಡನ್ “ಎಲ್ಲಾ ನಿಮ್ಮ ಒಳ್ಳೇದಕ್ಕೇ ಕಣಮ್ಮ” ಎಂದರು. ಮೂರು ವರ್ಷ ಆ ಒಳ್ಳೆಯದನ್ನು ಅನುಭವಿಸಿದವಳಿಗೆ ರಂಜಕದ ಪ್ರಬಂಧ ಮೊದಲ ಸಲ ಓದಿದಾಗ ರಸಾಯನಶಾಸ್ತ್ರಕ್ಕಿಂತ ಹೆಚ್ಚಿನದೇನೋ ಓದಿದಂತಾಯಿತು. ಬೀಗ ಹಾಕದೆಯೂ ಕಾಪಾಡಬಹುದು.

ಅಣುಗಳಿಗೆ ಆಸೆಯಿಲ್ಲ, ಅಂಜಿಕೆಯಿಲ್ಲ, ಗೊತ್ತು. ನನ್ನ ಗೈಡ್ ಕರಡಿನಲ್ಲಿ ‘ಬಯಸುತ್ತದೆ’ ಎಂಬರ್ಥದ ಮಾತು ಕಂಡಲ್ಲೆಲ್ಲ ಕೆಂಪು ಗೆರೆ ಎಳೆಯುತ್ತಾರೆ. ಅದು ಸರಿಯೇ. ಆದರೂ ಈ ಲೆಕ್ಕ ನೋಡಿ: 1998ರಲ್ಲಿ ಮೆಕೋಟ್ಸಿ ಮತ್ತು ರೆಬೆಕ್ ತೋರಿಸಿಕೊಟ್ಟಂತೆ, ದ್ರಾವಣದಲ್ಲಿ ಅತಿಥಿ ಚೆನ್ನಾಗಿ ಕೂರುವುದು ಟೊಳ್ಳಿನ ಸುಮಾರು ಶೇ. 55ರಷ್ಟು ಜಾಗ ತುಂಬಿದಾಗ. ಹೆಚ್ಚುಕಡಿಮೆ ಅರ್ಧ ಜಾಗ ಖಾಲಿ ಇರಬೇಕು. ಅಲ್ಲಾಡಲು ಜಾಗವಿಲ್ಲದ ಕಡೆ ಅಣುವೂ ನಿಲ್ಲದು.

ಇಷ್ಟಾದರೂ ನನ್ನ ಕೆಲಸದ ಕಷ್ಟ ಇರುವುದು ಒಳಗಿಡುವುದರಲ್ಲಲ್ಲ, ಕಳಿಸಿಕೊಡುವುದರಲ್ಲಿ. ಫುಜಿತಾ ತಂಡವೇ 2006ರಲ್ಲಿ ತೋರಿಸಿದ ಸಂಗತಿ ಇದು: ಆಂತ್ರಸೀನಿನ ಮೂರು ಉಂಗುರಗಳಲ್ಲಿ ಹೊರಗಡೆ ಕ್ರಿಯೆ ನಡೆಯುವುದು ನಡುವಿನದರಲ್ಲಿ, ಪಂಜರದೊಳಗೆ ತುದಿಯದರಲ್ಲಿ. ಹೊರಗೆ ಆಗದ್ದು ಒಳಗೆ ಆಗುತ್ತದೆ. ಆದರೆ ಹುಟ್ಟಿದ ಹೊಸ ಅಣು ಅಲ್ಲೇ ಕೂತುಬಿಟ್ಟರೆ ಮುಂದಿನದಕ್ಕೆ ಜಾಗವಿಲ್ಲ, ಕೆಲಸ ನಿಂತಂತೆ. ಅದೇ ಪ್ರಬಂಧದಲ್ಲಿ ಬೋಗುಣಿಯಾಕಾರದ ಇನ್ನೊಂದು ಅಣುವಿತ್ತು. ಅದರಲ್ಲಿ ಕ್ರಿಯೆಯಾದ ಮೇಲೆ ಚಪ್ಪಟೆಯಾಗಿದ್ದ ಅತಿಥಿ ಬಾಗುತ್ತದೆ, ಗೋಡೆಗೆ ಒರಗಲಾರದೆ ಹೊರಡುತ್ತದೆ. ಜಾಗ ಮುಂದಿನವರಿಗೆ. ನನ್ನ ಪಂಜರದಲ್ಲಿ ಈ ಹೊರಡುವಿಕೆಯನ್ನು ಸಾಧಿಸಲು ನಾಲ್ಕು ವರ್ಷ ಕಳೆದಿವೆ. ಈಗೀಗ ಒಂದು ಅತಿಥಿ, ಬಿಸಿ ಮಾಡಿದಾಗ, ನಿಧಾನಕ್ಕೆ ಹೊರಡುತ್ತಿದೆ.

ಬರುವ ಜುಲೈಗೆ ಐದು ವರ್ಷದ ಫೆಲೋಶಿಪ್ ಮುಗಿಯುತ್ತದೆ. ಆಮೇಲೆ ಹೊರದೇಶದ ಲ್ಯಾಬುಗಳಿಗೆ ಅರ್ಜಿ ಹಾಕುತ್ತೇನೆಂದು ಮನೆಯಲ್ಲಿ ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ. ಅಮ್ಮ ಮಾತ್ರ ಎರಡು ದಿನ ಬಿಟ್ಟು ಫೋನು ಮಾಡಿ, “ಹೋಗೋದಾದ್ರೆ ಹೋಗು. ಮನೆ ಬೀಗದ ಕೈ ಒಂದು ನಿನ್ ಹತ್ರಾನೇ ಇರ್ಲಿ, ವಾಪಸ್ ಕೊಡ್ಬೇಡ” ಎಂದಳು.